ಅಂಗೈಯೊಳಗಿನ ವೈದ್ಯ

ಮೂರು ವರ್ಷಗಳ ಹಿಂದಿನ ಮಾತು. ಒಂದು ಸಂಜೆ ನನ್ನ ಎಡಗಣ್ಣಿನ ರೆಪ್ಪೆ ಅದುರತೊಡಗಿತು. ನನ್ನ ಅಜ್ಜಿ ಬದುಕಿದ್ದರೆ, ಗಂಡಸರಿಗೆ ಎಡಗಣ್ಣು ಅದುರುವುದು ಅಶುಭವೆಂದು ಹೇಳಿ, ದೇವರ ಮುಂದೆ ಒಂದು ತುಪ್ಪದ ದೀಪ ಹಚ್ಚಿ, ಆ ವಿಷಯವನ್ನು ಅಲ್ಲಿಗೇ ಮುಗಿಸುತ್ತಿದ್ದರು. ಶಕುನಗಳಲ್ಲಿ ನಂಬಿಕೆಯಿಲ್ಲದ, ಓದುಬರಹ ಬಲ್ಲವನೆಂಬ ಅಭಿಮಾನವುಳ್ಳ ನಾನು ಮೊಬೈಲ್ ಫೋನನ್ನು ಕೈಗೆತ್ತಿಕೊಂಡೆ. ಆಯಾಸ, ನಿದ್ರೆಗೇಡು ಎಂಬ ಮಾತುಗಳು ಮೊದಲ ಸಾಲಿನಲ್ಲಿಯೇ ಇದ್ದುವು. ಕಣ್ಣು ಅವನ್ನು ದಾಟಿ ಕೆಳಗಿಳಿಯಿತು. ಹತ್ತೇ ನಿಮಿಷಗಳಲ್ಲಿ, ಹಿಂದೆಂದೂ ಕೇಳದಿದ್ದ ಮೂರು ನರರೋಗಗಳ ಹೆಸರನ್ನು ಕಲಿತೆ. ಮಧ್ಯರಾತ್ರಿಯ ಹೊತ್ತಿಗೆ ಅವುಗಳಲ್ಲಿ ಒಂದು ನನಗಿರುವುದು ಖಚಿತವಾಯಿತು. ಅಜ್ಜಿಯ ಶಕುನಕ್ಕೆ ದೀಪವೆಂಬ ಕೊನೆಯಿತ್ತು. ನನ್ನ ಶಕುನಕ್ಕೆ ಕೊನೆಯೇ ಇರಲಿಲ್ಲ.

ಒಂದು ವಾರ ಹೀಗೆ ಕಳೆದ ಮೇಲೆ ವೈದ್ಯರ ಬಳಿಗೆ ಹೋದೆ. ಅವರು ಕಣ್ಣನ್ನು ನೋಡಿದರು, ಕೈಕಾಲುಗಳ ಬಲವನ್ನು ಪರೀಕ್ಷಿಸಿದರು, ನಾಲ್ಕು ಹೆಜ್ಜೆ ನಡೆಸಿ ನೋಡಿದರು. ಬಳಿಕ, "ಮೇಷ್ಟ್ರೇ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ? ದಿನಕ್ಕೆ ಎಷ್ಟು ಲೋಟ ಕಾಫಿ?" ಎಂದು ಕೇಳಿದರು. ಎರಡು ಗಂಟೆಯವರೆಗೂ ಎಚ್ಚರವಿದ್ದು ಓದುತ್ತಿದ್ದೆನೆಂದೂ, ಓದುವಾಗ ಕಾಫಿ ಬೇಕಾಗುತ್ತಿತ್ತೆಂದೂ ಒಪ್ಪಿಕೊಂಡೆ. ಏನನ್ನು ಓದುತ್ತಿದ್ದೆನೆಂದು ಹೇಳಲು ನಾಚಿಕೆಯಾಯಿತು. ರೆಪ್ಪೆಯ ಅದುರುವಿಕೆಗೆ ಕಾರಣವನ್ನು ಹುಡುಕುತ್ತ, ಆ ಕಾರಣವನ್ನು ಪ್ರತಿರಾತ್ರಿಯೂ ನಾನೇ ಒದಗಿಸುತ್ತಿದ್ದೆ!

ಈ ದೌರ್ಬಲ್ಯ ಇಂದಿನದಲ್ಲ. 1889ರಲ್ಲಿ ಪ್ರಕಟವಾದ 'ತ್ರೀ ಮೆನ್ ಇನ್ ಎ ಬೋಟ್' ಎಂಬ ಪುಸ್ತಕದಲ್ಲಿ ಇಂಗ್ಲಿಷ್ ಲೇಖಕ ಜೆರೋಮ್ ಕೆ. ಜೆರೋಮ್ ಇದನ್ನೇ ಕುರಿತು ನಗಿಸಿದ್ದಾನೆ. ಅದರ ಕಥಾನಾಯಕ ಸಣ್ಣದೊಂದು ಕಾಯಿಲೆಯ ವಿಷಯ ತಿಳಿಯಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ ವೈದ್ಯಗ್ರಂಥವನ್ನು ತೆರೆಯುತ್ತಾನೆ. ಅಕಾರಾದಿಯಾಗಿ ಓದುತ್ತ ಹೋದಂತೆ, ಮನೆಗೆಲಸದ ಹೆಂಗಸರಿಗೆ ಬರುವ ಮೊಣಕಾಲಿನ ಊತವೊಂದನ್ನು ಬಿಟ್ಟು ಉಳಿದೆಲ್ಲ ರೋಗಗಳೂ ತನಗಿರುವುದು ಅವನಿಗೆ ಮನದಟ್ಟಾಗುತ್ತದೆ. ಅವನ ಅದೃಷ್ಟ ದೊಡ್ಡದು. ಗ್ರಂಥಾಲಯಕ್ಕೆ ಸಂಜೆ ಬಾಗಿಲು ಹಾಕುತ್ತಾರೆ. ನಮ್ಮ ಗ್ರಂಥಾಲಯ ದಿಂಬಿನ ಪಕ್ಕದಲ್ಲಿಯೇ ಇರುತ್ತದೆ. 2008ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರಾದ ರೈಯನ್ ವೈಟ್ ಮತ್ತು ಎರಿಕ್ ಹಾರ್ವಿಟ್ಸ್, ತಲೆನೋವಿನಂಥ ಸಾಧಾರಣ ತೊಂದರೆಯಿಂದ ಆರಂಭವಾದ ಅಂತರ್ಜಾಲದ ಹುಡುಕಾಟ ಮೆದುಳಿನ ಗಡ್ಡೆಯಂಥ ಅಪರೂಪದ ರೋಗದವರೆಗೆ ಹೇಗೆ ಏರಿಹೋಗುತ್ತದೆ ಎಂಬುದನ್ನು ತೋರಿಸಿಕೊಟ್ಟರು.

ಹೀಗಾಗುವುದೇಕೆ? ದೇಹಕ್ಕೆ ತನ್ನ ಅಸಮಾಧಾನವನ್ನು ತಿಳಿಸಲು ಇರುವ ಮಾತುಗಳು ಕೆಲವೇ: ನೋವು, ಜ್ವರ, ಸುಸ್ತು, ತಲೆಸುತ್ತು, ಕೆಮ್ಮು. ರೋಗಗಳಾದರೋ ಸಾವಿರಾರು. ನೆಗಡಿಯೂ ಮಹಾರೋಗವೂ ಅದೇ ನಾಲ್ಕು ಮಾತುಗಳಲ್ಲಿ ನುಡಿಯಬೇಕು. ಯಾವುದು ನಿತ್ಯ ಕಾಣುವಂಥದು, ಯಾವುದು ಜೀವಮಾನದಲ್ಲಿ ಒಮ್ಮೆ ಕಂಡೀತು ಎಂಬುದನ್ನು ವೈದ್ಯರು ಅನುಭವದಿಂದ ಬಲ್ಲರು. ಮುಟ್ಟಿ ನೋಡಿ "ಇದು ಅದಲ್ಲ" ಎನ್ನಬಲ್ಲರು. ಫೋನಿಗೆ ಕೈಯಿಲ್ಲ. ಅದು ಎಲ್ಲ ಹೆಸರುಗಳನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಮುಂದಿಡುತ್ತದೆ. ಮೇಲಾಗಿ, ಭಯವೂ ಒಂದು ವೇಷಧಾರಿ. ಎದೆ ಬಡಿದುಕೊಳ್ಳುವುದು, ಬೆವರುವುದು, ಉಸಿರು ಹೆಚ್ಚಿ ಬೆರಳುಗಳು ಜುಮ್ಮೆನ್ನುವುದು, ಇವೆಲ್ಲ ಭಯವೇ ಹುಟ್ಟಿಸುವ ಲಕ್ಷಣಗಳು. ಓದಿ ಹೆದರಿದವನಿಗೆ ಹುಡುಕಲು ಮತ್ತೆರಡು ಲಕ್ಷಣಗಳು ಸಿಕ್ಕಿದಂತಾಯಿತು.

ಹಾಗೆಂದು ಫೋನಿನ ಮೊರೆ ಹೋಗುವವರನ್ನು ನಾನು ಜರೆಯಲಾರೆ. ಆಸ್ಪತ್ರೆಯ ಸಾಲಿನಲ್ಲಿ ಅರ್ಧ ದಿನ ನಿಂತು, ಆ ದಿನದ ಕೂಲಿಯನ್ನು ಕಳೆದುಕೊಂಡು, ಒಳಗೆ ಎರಡು ನಿಮಿಷವೂ ಮಾತು ಸಿಗದೆ ಹಿಂದಿರುಗುವವರ ಕಷ್ಟ ದೊಡ್ಡದು. ಫೋನು ಗದರುವುದಿಲ್ಲ, ಎಷ್ಟು ಸಲ ಕೇಳಿದರೂ ಬೇಸರಿಸುವುದಿಲ್ಲ. ಬಾಯಿಬಿಟ್ಟು ಹೇಳಲಾಗದ ತೊಂದರೆಯುಳ್ಳ ಹೆಣ್ಣುಮಗಳಿಗೆ ಅದು ದೊಡ್ಡ ಆಸರೆಯೇ ಸರಿ. ಸಕ್ಕರೆ ಕಾಯಿಲೆಯೆಂದು ವೈದ್ಯರು ಹೇಳಿದ ಮೇಲೆ ಆಹಾರದ ವಿಚಾರವನ್ನು ಓದಿ ತಿಳಿಯುವುದು ವಿವೇಕ. ಆದರೆ ಎದೆಯಲ್ಲಿ ಒತ್ತಿಹಿಡಿದಂತೆ ನೋವು, ಮುಖ ಒಂದು ಕಡೆಗೆ ವಾಲುವುದು, ಮಾತು ತೊದಲುವುದು, ಇಂಥವು ಕಂಡಾಗ ಓದುತ್ತ ಕೂಡುವುದು ಮಾತ್ರ ಅಪಾಯ; ಆಗ ಫೋನನ್ನು 108ಕ್ಕೆ ಕರೆ ಮಾಡಲು ಬಳಸಬೇಕು.

ಮಧ್ಯರಾತ್ರಿ ಹುಡುಕುವವನಿಗೆ ನಿಜವಾಗಿ ಬೇಕಾಗಿರುವುದು ಜ್ಞಾನವಲ್ಲ, ಅಭಯ. ಹಗ್ಗವನ್ನು ಹಾವೆಂದು ಭ್ರಮಿಸಿದವನ ದೃಷ್ಟಾಂತವನ್ನು ನಮ್ಮ ವೇದಾಂತಿಗಳು ಹೇಳುತ್ತ ಬಂದಿದ್ದಾರೆ. ದೀಪ ತಂದರೆ ಹಾವು ಹೋಗುತ್ತದೆ. ನಾವೋ ದೀಪವನ್ನು ಬಿಟ್ಟು ಹಾವುಗಳ ಚಿತ್ರಪಟವನ್ನು ತಂದು ಹೋಲಿಸಿ ನೋಡುತ್ತೇವೆ! ಸಿಕ್ಕ ಅಭಯವೂ ಒಂದು ಗಂಟೆ ಬಾಳುವುದಿಲ್ಲ. ತುರಿಸಿದಷ್ಟೂ ತುರಿಕೆ ಹೆಚ್ಚುವಂತೆ, ನೋಡಿದಷ್ಟೂ ಇನ್ನೊಮ್ಮೆ ನೋಡಬೇಕೆನಿಸುತ್ತದೆ. ಆದುದರಿಂದಲೇ ಮನೋವೈದ್ಯರು ಇಂಥವರಿಗೆ ಹೊಸ ಅಭಯವನ್ನು ಕೊಡುತ್ತ ಹೋಗದೆ, ಹುಡುಕುವ ಆತುರವನ್ನು ಮೊದಲು ಅರ್ಧ ಗಂಟೆ, ಬಳಿಕ ಒಂದು ದಿನ ಮುಂದೂಡುವ ಅಭ್ಯಾಸ ಮಾಡಿಸುತ್ತಾರೆ. ಈ ಭಯ ತಿಂಗಳುಗಟ್ಟಲೆ ಬಿಡದೆ ಕಾಡಿದರೆ ಅದೇ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ನಾನು ಈಗ ರಾತ್ರಿ ಫೋನನ್ನು ನಡುಮನೆಯ ಗೂಡಿನಲ್ಲಿಟ್ಟು ಮಲಗುತ್ತೇನೆ. ಕಳೆದ ವಾರ ರೆಪ್ಪೆ ಮತ್ತೊಮ್ಮೆ ಅದುರಿತು. ಎದ್ದುಹೋಗಿ ನೋಡೋಣವೆನಿಸಿತು, ಚಳಿಯಿತ್ತು, ನಾಳೆ ಬೆಳಿಗ್ಗೆ ನೋಡಿದರಾಯಿತೆಂದು ಹೊದಿಕೆ ಎಳೆದುಕೊಂಡೆ. ಬೆಳಿಗ್ಗೆ ಎದ್ದು ಹಾಲು ತರಲು ಹೋಗಿ, ಪತ್ರಿಕೆ ಓದಿ, ಸ್ನಾನ ಮುಗಿಸುವವರೆಗೂ ಅದು ನಿಂತಿದೆಯೋ ಇಲ್ಲವೋ ಎಂದು ನೋಡಿಕೊಳ್ಳಲು ಮರೆತೇಹೋಗಿತ್ತು.