ಗೇರ್ ಮುಂದಕ್ಕೋ, ಹಿಂದಕ್ಕೋ?

ಆಟೊಮ್ಯಾಟಿಕ್ ಕಾರಿನಲ್ಲೂ ಕೈಯಿಂದ ಗೇರ್ ಬದಲಿಸುವ ‘ಟಿಪ್‌ಟ್ರಾನಿಕ್’ ವ್ಯವಸ್ಥೆಯನ್ನು ಪೋರ್ಷೆ 1989ರಲ್ಲಿ ತಂದಿತು. ಲಿವರ್ ಮುಂದೆ ತಳ್ಳಿದರೆ ಮೇಲಿನ ಗೇರ್, ಹಿಂದೆ ಎಳೆದರೆ ಕೆಳಗಿನದು. ಬಿಎಂಡಬ್ಲ್ಯು, ಮಾಜ್ದಾ ಕಾರುಗಳಲ್ಲಿ ಇದು ತಿರುವುಮುರುವು. ನಮಗೂ ಅದೇ ಸರಿ ಎನಿಸುತ್ತದೆ: ಬ್ರೇಕ್ ಒತ್ತಿದಾಗ ಮೈ ಮುಂದಕ್ಕೆ ವಾಲುತ್ತದೆ, ಕೈಯೂ ಅದರ ಜೊತೆಗೇ ಹೋಗುತ್ತದೆ. 2013ರ 911 ಜಿಟಿ3ಯಲ್ಲಿ ಪೋರ್ಷೆಯೂ ಈ ಕ್ರಮಕ್ಕೇ ಬಂತು.

ಇಲ್ಲಿ ಲಿವರ್ ಬರಿಯ ಸ್ವಿಚ್ಚು; ಗೇರ್ ಬದಲಿಸುವುದು ಕಂಪ್ಯೂಟರ್. ಹಾಗಾಗಿ ಕೆಲವು ಕಾರುಗಳಲ್ಲಿ ಉತ್ಸಾಹಿಗಳು ಎರಡು ತಂತಿಗಳನ್ನು ಅದಲುಬದಲು ಮಾಡಿ ದಿಕ್ಕು ತಿರುಗಿಸಿಬಿಡುತ್ತಾರೆ. ಎಂಜಿನ್ ಮಿತಿಮೀರಿ ತಿರುಗುವಂತಿದ್ದರೆ ಕಂಪ್ಯೂಟರ್ ಸಾಮಾನ್ಯವಾಗಿ ಒಪ್ಪುವುದಿಲ್ಲ, ನಿಜ. ಭಯವಿರುವುದು ಬೇರೆಡೆ. ತಂತಿ ಬದಲಿಸಿದವನು ಮಗ. ಅಪ್ಪನ ಕೈಗೆ ಹಳೆಯ ರೂಢಿ. ಘಟ್ಟ ಇಳಿಯುವಾಗ ಕೆಳಗಿನ ಗೇರ್‌ಗೆಂದು ಅವರು ಎಳೆದರೆ ಮೇಲಿನದು ಬಿದ್ದು, ಎಂಜಿನ್ನಿನ ಹಿಡಿತ ಸಡಿಲಾಗುತ್ತದೆ. ಲಿವರ್ ಪಕ್ಕದ ‘+’, ‘–’ ಗುರುತುಗಳೂ ಈಗ ಸುಳ್ಳು.