ಶಾಲೆ ದೂರವಾದರೆ ಮದುವೆ ಹತ್ತಿರವಾಗುತ್ತದೆ

ವರದಕ್ಷಿಣೆ, ದೌರ್ಜನ್ಯಗಳ ವಿರುದ್ಧ ಬರೆಯುವ ಪತ್ರಿಕೆಯಲ್ಲಿ ಈ ಸಲ ಸರ್ಕಾರಿ ಶಾಲೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಸಂಘಗಳ ಅಕ್ಕತಂಗಿಯರಿಗೆ ಹಾಗನ್ನಿಸಲಾರದು. ಏಳನೇ ತರಗತಿಗೇ ಶಾಲೆ ಬಿಟ್ಟ ಹುಡುಗಿಯ ಮುಂದಿನ ಕಥೆ ನಮಗೆಲ್ಲ ಗೊತ್ತಿರುವುದೇ. ಅವ್ವ ಕೂಲಿಗೆ ಹೋದಾಗ ತಮ್ಮತಂಗಿಯರನ್ನು ನೋಡಿಕೊಳ್ಳಲು ಎಂದು ಅವಳು ಮನೆಯಲ್ಲಿ ಉಳಿಯುತ್ತಾಳೆ. ಎರಡು ವರ್ಷ ಕಳೆಯುವಷ್ಟರಲ್ಲಿ 'ಬೆಳೆದ ಹುಡುಗಿಯನ್ನು ಎಷ್ಟು ದಿನ ಮನೆಯಲ್ಲಿಟ್ಟುಕೊಳ್ಳುವುದು' ಎಂಬ ಮಾತು ಶುರುವಾಗುತ್ತದೆ. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಿಂದ ಇದೆ. ಆದರೆ ಹುಡುಗಿ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುವವರೆಗೆ ಮಾತ್ರ ಅವಳು ಬರಲಿಲ್ಲವೇಕೆ ಎಂದು ಕೇಳುವವರೊಬ್ಬರು ಇರುತ್ತಾರೆ.

ಶಾಲೆಯ ಹಣ ಕಡಿಮೆ ಮಾಡುತ್ತೇವೆ ಎಂದು ಯಾವ ಸರ್ಕಾರವೂ ಬಾಯಿಬಿಟ್ಟು ಹೇಳುವುದಿಲ್ಲ. ಕಡಿತ ಬೇರೆ ಬೇರೆ ಹೆಸರು ಹೊತ್ತು ಬರುತ್ತದೆ. ಮೇಷ್ಟರು ನಿವೃತ್ತರಾಗುತ್ತಾರೆ, ಆ ಜಾಗ ತುಂಬದೆ ಅತಿಥಿ ಶಿಕ್ಷಕರನ್ನು ಕಳಿಸುತ್ತಾರೆ. 2006-07ರಲ್ಲಿ ಶುರುವಾಗಿದ್ದ ಎಂಟನೇ ತರಗತಿಯ ಸೈಕಲ್ ವಿತರಣೆ ಕೊರೋನಾ ಕಾಲದಲ್ಲಿ ನಿಂತಿತು. ಎಲ್ಲಕ್ಕಿಂತ ಮೆದುವಾದ ಹೆಸರು 'ವಿಲೀನ'.

2018ರ ಜುಲೈನಲ್ಲಿ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಮಂಡಿಸಿದ ಬಜೆಟ್ಟಿನಲ್ಲಿ 28,847 ಸರ್ಕಾರಿ ಶಾಲೆಗಳನ್ನು ಒಂದು ಕಿಲೋಮೀಟರ್ ಒಳಗಿನ 8,530 ಶಾಲೆಗಳಿಗೆ ಸೇರಿಸುವ ಪ್ರಸ್ತಾಪವಿತ್ತು. ನಮ್ಮ ಜಿಲ್ಲೆಯಲ್ಲೇ ಹುಟ್ಟಿದವರ ಬಜೆಟ್ ಅದು! ಸಾಹಿತಿಗಳು, ಸಂಘಟನೆಗಳು ವಿರೋಧಿಸಿದ ಮೇಲೆ ಅಷ್ಟು ದೊಡ್ಡ ಪ್ರಮಾಣದಲ್ಲಿ ಅದು ನಡೆಯಲಿಲ್ಲ. 2025ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಹೆಚ್ಚಿಸುವ ಯೋಜನೆ ಬಂದಾಗ ಅದೇ ಆತಂಕ ಮತ್ತೆ ಎದ್ದಿತು. ದೊಡ್ಡ ಶಾಲೆ, ಒಳ್ಳೆಯ ಕಟ್ಟಡ, ತರಗತಿಗೊಬ್ಬ ಶಿಕ್ಷಕರು ಬೇಡವೆಂದು ಯಾರೂ ಹೇಳುವುದಿಲ್ಲ. ಅದಕ್ಕಾಗಿ ಸುತ್ತಲಿನ ಹಳ್ಳಿಗಳ ಶಾಲೆಗಳ ಬಾಗಿಲು ಹಾಕಬೇಕೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಂತೆ ಐದನೇ ತರಗತಿಯವರೆಗೆ ಒಂದು ಕಿಲೋಮೀಟರ್, ಆರರಿಂದ ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಕಚೇರಿಯ ನಕ್ಷೆಯಲ್ಲಿ ಮೂರು ಕಿಲೋಮೀಟರ್ ಎಂದರೆ ಒಂದು ಗೆರೆ. ಬಿಕ್ಕೋಡು, ಅರೇಹಳ್ಳಿ ಕಡೆ ಅದೇ ಮೂರು ಕಿಲೋಮೀಟರ್ ಎಂದರೆ ಕಾಫಿ ತೋಟದ ನಡುವಿನ ದಾರಿ, ಆನೆ ಬಂದಿದೆಯೇ ಎಂದು ಕೇಳಿಕೊಂಡು ಹೊರಡಬೇಕಾದ ದಾರಿ. ಅರಸೀಕೆರೆಯ ಬಯಲು ಕಡೆ ಆನೆ ಇಲ್ಲ. ಆದರೆ ಯಾರೂ ಇಲ್ಲದ ತೆಂಗಿನ ತೋಟದ ದಾರಿಯಲ್ಲಿ ದಿನವೂ ಬೈಕು ನಿಲ್ಲಿಸಿ ಮಾತಾಡಿಸುವ ಹುಡುಗರಿದ್ದಾರೆ. ಅದನ್ನು ಹುಡುಗಿ ಮನೆಯಲ್ಲಿ ಹೇಳಿದರೆ ನಿಲ್ಲುವುದು ಹುಡುಗರ ಬೈಕಲ್ಲ, ಅವಳ ಓದು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಉಚಿತವಾಗಿದೆ, ಒಳ್ಳೆಯದೇ. ಶಾಲೆಯ ಹೊತ್ತಿಗೆ ಬಸ್ಸು ಬರಬೇಕಲ್ಲ? ಅದೇ ವರ್ಷ ಬೇಲೂರು, ಹಳೇಬೀಡಿನ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಶಿಲಾಬಾಲಿಕೆಯರ ಬಗ್ಗೆ ಇರುವ ಕಾಳಜಿ ಅವರೂರಿನ ಜೀವಂತ ಬಾಲಿಕೆಯರ ಬಗ್ಗೆಯೂ ಇರಲಿ ಎಂದರೆ ತಪ್ಪೇನು?

ಶಾಲೆ ಮುಚ್ಚಿದಾಗ ಕೆಲಸ ಕಳೆದುಕೊಳ್ಳುವ ಇನ್ನೊಬ್ಬಳಿದ್ದಾಳೆ. ಅವಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಬಿಸಿಯೂಟದ ಅಡುಗೆಯವರಲ್ಲಿ ಗಂಡ ಸತ್ತವರು, ಗಂಡ ಬಿಟ್ಟವರು, ಹೊಡೆತ ತಾಳಲಾರದೆ ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದವರು ಎಷ್ಟು ಮಂದಿ ಎಂದು ನಿಮ್ಮ ಊರಿನಲ್ಲೇ ಎಣಿಸಿ ನೋಡಿ. ಮಕ್ಕಳ ಸಂಖ್ಯೆ 25ರವರೆಗೆ ಇದ್ದರೆ ಒಬ್ಬರು, 100ರವರೆಗೆ ಇಬ್ಬರು ಎಂಬುದು ಲೆಕ್ಕ. ಎರಡು ಸಣ್ಣ ಶಾಲೆ ಕೂಡಿಸಿದರೆ ಒಬ್ಬಳ ಒಲೆ ಆರುವುದುಂಟು. 2009ರಲ್ಲಿ ಗೊತ್ತುಮಾಡಿದ ತಿಂಗಳಿಗೆ 1,000 ರೂಪಾಯಿಯ ಗೌರವಧನದಲ್ಲಿ ಕೇಂದ್ರದ ಪಾಲು 600. ಅನೇಕ ವರ್ಷ ಕಳೆದರೂ ಕೇಂದ್ರ ಅದನ್ನು ಏರಿಸಲಿಲ್ಲ. ರಾಜ್ಯ ತನ್ನ ಕೈಯಿಂದ ಸೇರಿಸಿಕೊಡುತ್ತ ಬಂದಿದೆ. ಅಷ್ಟು ಕಡಿಮೆ ಹಣವಾದರೂ ಗಂಡನ ಮನೆಗೆ ಮತ್ತೆ ಹೊಡೆತ ತಿನ್ನಲು ಹೋಗದಂತೆ ಅವಳನ್ನು ನಿಲ್ಲಿಸಿರುವುದು ಅದೇ.

ಓದಿದವಳಿಗೂ ವರದಕ್ಷಿಣೆ ತಪ್ಪಿಲ್ಲ, ಹಾಗಾದರೆ ಓದಿಸಿ ಏನು ಲಾಭ ಎಂದು ಕೇಳುವವರಿದ್ದಾರೆ. ತಪ್ಪಿಲ್ಲ ನಿಜ. ಆದರೆ ತವರಿಗೆ ಬಂದು ಬಿದ್ದ ದಿನ ಕೈಯಲ್ಲೊಂದು ಅಂಕಪಟ್ಟಿ ಇದ್ದವಳಿಗೂ ಇಲ್ಲದವಳಿಗೂ ಇರುವ ವ್ಯತ್ಯಾಸವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಂಗನವಾಡಿ ಕಾರ್ಯಕರ್ತೆಯ ಕೆಲಸಕ್ಕೂ ಈಗ ಪಿ.ಯು.ಸಿ. ಕೇಳುತ್ತಾರೆ.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. 'ಮಕ್ಕಳಿಲ್ಲ' ಎನ್ನುವುದೇ ಶಾಲೆ ಮುಚ್ಚಲು ಕೊಡುವ ಕಾರಣ. ಮಕ್ಕಳು ಎಲ್ಲಿ ಹೋದರು? ಬೆಳಗಾದರೆ ವ್ಯಾನಿನಲ್ಲಿ ಕಾನ್ವೆಂಟಿಗೆ ಹೋಗುತ್ತಾರೆ. ಅವರಲ್ಲಿ ಹೆಚ್ಚಿನವರು ಗಂಡುಮಕ್ಕಳು. ಮಗನ ಫೀಸಿಗೆ ಸಂಘದಲ್ಲಿ ಸಾಲ ಬರೆಸುತ್ತೇವೆ, ಮಗಳನ್ನು ಮಾತ್ರ ಸರ್ಕಾರಿ ಶಾಲೆಗೆ ಕಳಿಸುತ್ತೇವೆ. ಹಾಗಾಗಿ ಶಾಲೆಗೆ ಬೀಗ ಬಿದ್ದಾಗ ಹೊರಗೆ ನಿಲ್ಲುವವಳು ಅವಳೇ. ಮೇಷ್ಟರಿಲ್ಲದ ಶಾಲೆಗೆ ಹೇಗೆ ಕಳಿಸುವುದು ಎಂಬ ಮಾತು ಸುಳ್ಳಲ್ಲ. ಆದರೆ ಮೇಷ್ಟರನ್ನು ಕೊಡಿ ಎಂದು ಎಷ್ಟು ಸಂಘಗಳು ಬರೆದು ಕೊಟ್ಟಿವೆ?

ಕೇಳಲು ನಮಗೆ ಕಾನೂನಿನ ಜಾಗವಿದೆ. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ತಂದೆತಾಯಿಯರಾಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. 60 ಮಕ್ಕಳವರೆಗಿನ ಕಿರಿಯ ಶಾಲೆಗೂ ಇಬ್ಬರು ಶಿಕ್ಷಕರಿರಬೇಕು. ಎಸ್.ಡಿ.ಎಂ.ಸಿ.ಯಲ್ಲಿ ನಿಮ್ಮ ಹೆಸರಿದ್ದು, ಸಭೆಗೆ ಗಂಡ ಹೋಗಿ ಬರುತ್ತಿದ್ದರೆ ಮುಂದಿನ ಸಭೆಗೆ ನೀವೇ ಹೋಗಿ. ಪುಸ್ತಕ ಮನೆಗೆ ತಂದು ಹೆಬ್ಬೆಟ್ಟು ಕೇಳಿದರೆ ಠರಾವನ್ನು ಪೂರ್ತಿ ಓದಿಸಿಕೊಳ್ಳದೆ ಒತ್ತಬೇಡಿ. ಅದರಲ್ಲಿ ವಿಲೀನಕ್ಕೆ ಒಪ್ಪಿಗೆ ಎಂಬ ಸಾಲಿರಬಹುದು. ನಿಮ್ಮ ಶಾಲೆಯಲ್ಲಿ ಹುಡುಗಿಯರೆಷ್ಟು, ಕಾಯಂ ಶಿಕ್ಷಕರೆಷ್ಟು, ಏಳನೇ ತರಗತಿ ಮುಗಿಸಿದವರಲ್ಲಿ ಎಂಟಕ್ಕೆ ಸೇರದೆ ಉಳಿದವರು ಯಾರು ಎಂದು ಸಂಘದ ಸಭೆಯಲ್ಲಿ ಬರೆದಿಟ್ಟುಕೊಳ್ಳಿ. ಒಂದು ಪ್ರತಿ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಇನ್ನೊಂದನ್ನು ಹುಡುಗಿಯರ ಹೆಸರು ಬಿಟ್ಟು ನಮಗೆ ಕಳಿಸಿ. ಬಂದಷ್ಟನ್ನೂ ಮುಂದಿನ ಸಂಚಿಕೆಯಲ್ಲಿ ಊರೂರಿನ ಲೆಕ್ಕವಾಗಿ ಅಚ್ಚು ಹಾಕುತ್ತೇವೆ.