ಸೇಡಿಗೆ ಸಿಕ್ಕ ಬೆಂಕಿ

ಆರ್. ಎಫ್. ಕುವಾಂಗ್ ಅವರ ‘ದಿ ಪಾಪಿ ವಾರ್’ ಕಾದಂಬರಿ ಶುರುವಾಗುವುದು ಯುದ್ಧದಿಂದಲ್ಲ, ಪರೀಕ್ಷೆಯಿಂದ. ರಿನ್ ಎಂಬ ಅನಾಥ ಹುಡುಗಿಯ ಸಾಕುಮನೆಯವರು ಅಫೀಮು ಮಾರುವವರು. ವ್ಯಾಪಾರಕ್ಕೆ ಅನುಕೂಲವಾಗಲೆಂದು ಅವಳನ್ನು ಅಪ್ಪನ ವಯಸ್ಸಿನವನಿಗೆ ಕಟ್ಟಲು ಹೊರಟಿದ್ದಾರೆ. ತಪ್ಪಿಸಿಕೊಳ್ಳಲು ಉಳಿದದ್ದು ಕೇಜು ಪರೀಕ್ಷೆಯೊಂದೇ. ನಿದ್ದೆ ಹತ್ತದಿರಲೆಂದು ತೋಳಿಗೆ ಬಿಸಿ ಮೇಣ ತೊಟ್ಟಿಕ್ಕಿಸಿಕೊಂಡು ಓದಿ, ಅವಳು ಸಿನೆಗಾರ್ಡ್‌ನ ಸೈನಿಕ ಅಕಾಡೆಮಿ ಸೇರುತ್ತಾಳೆ. ಕೇಜು ಕಟ್ಟುಕತೆಯಲ್ಲ, ಚೀನಾದಲ್ಲಿ ಸರ್ಕಾರಿ ಹುದ್ದೆಗೆ ಅದೇ ಹೆಸರಿನ ಪರೀಕ್ಷೆ 1905ರವರೆಗೂ ಇತ್ತು.

ಇಲ್ಲಿಯವರೆಗಿನದು ಪರಿಚಿತ ಜಾಡು. ಬಡ ಹುಡುಗಿ, ಸಿರಿವಂತ ಸಹಪಾಠಿಗಳ ಕುಹಕ, ವಿಚಿತ್ರ ಸ್ವಭಾವದ ಒಬ್ಬ ಗುರು, ಒಳಗೆ ಮಲಗಿರುವ ಶಕ್ತಿ. ಆಮೇಲೆ ಮುಗೆನ್ ದೇಶದ ಸೇನೆ ನುಗ್ಗುತ್ತದೆ. ಶಾಲೆ ಮುಚ್ಚುತ್ತದೆ, ಅದರೊಂದಿಗೆ ಆ ಜಾಡೂ ಮುಗಿಯುತ್ತದೆ.

1996ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಕುವಾಂಗ್ ಇದನ್ನು ಬರೆಯತೊಡಗಿದಾಗ ಅವರಿಗೆ ಹತ್ತೊಂಬತ್ತು. ಪುಸ್ತಕ ಬಂದದ್ದು 2018ರಲ್ಲಿ. ಗೋಲಿನ್ ನೀಸ್ ಎಂಬ ನಗರದ ಹತ್ಯಾಕಾಂಡದ ಅಧ್ಯಾಯಕ್ಕೆ ಆಧಾರ 1937ರ ಡಿಸೆಂಬರಿನಲ್ಲಿ ಜಪಾನಿ ಸೇನೆ ನಾನ್‌ಜಿಂಗ್‌ನಲ್ಲಿ ನಡೆಸಿದ ಕ್ರೌರ್ಯ. ಸೆರೆಸಿಕ್ಕವರ ಮೇಲೆ ಪ್ರಯೋಗ ಮಾಡುವ ವೈದ್ಯನ ಹೆಸರು ಶಿರೋ. ಹಾರ್ಬಿನ್ ಬಳಿ ಇಂಥದೇ ಪ್ರಯೋಗಗಳಿಗಾಗಿ ಜಪಾನಿ ಸೇನೆಯ 731ನೇ ಘಟಕ ನಡೆಸಿದ ಶಿರೋ ಇಶಿಯ ನೆನಪು ಬಾರದೆ ಇರದು. ಕಾದಂಬರಿಯ ಹೆಸರಿನಲ್ಲಿರುವ ‘ಪಾಪಿ’, ಅಂದರೆ ಗಸಗಸೆಯೂ ನಿರಪಾಯಕಾರಿಯಲ್ಲ. ನಮಗದು ಪಾಯಸದ ಸಾಮಗ್ರಿ. ಚೀನಾದ ನೆನಪಿನಲ್ಲಿ ಅದು ಅಫೀಮಿನ ಗಿಡ, ಎರಡು ಯುದ್ಧಗಳ ಅವಮಾನ. ಆ ಅಫೀಮು ಬಹುಪಾಲು ಹೋದದ್ದು ಭಾರತದಿಂದಲೇ, ಬ್ರಿಟಿಷರ ಲಾಭಕ್ಕಾಗಿ.

ಹೀಗೆ ಎಲ್ಲವೂ ನಡೆದ ಸಂಗತಿಯೇ ಆದರೆ ಫ್ಯಾಂಟಸಿ ಏಕೆ ಬೇಕು? ಐರಿಸ್ ಚಾಂಗ್ 1997ರಲ್ಲಿ ನಾನ್‌ಜಿಂಗ್ ಬಗ್ಗೆ ಬರೆದ ಇತಿಹಾಸವೇ ಸಾಕಲ್ಲವೇ? ಸಾಲದು. ಸತ್ತವರ ಲೆಕ್ಕವನ್ನು ಇತಿಹಾಸ ಕೊಡಬಲ್ಲದು. ಅವರ ಕಡೆಯವರ ಕೈಗೆ ಸೇಡಿನ ಶಕ್ತಿ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬುದನ್ನು ಅದು ಹೇಳಲಾರದು, ಏಕೆಂದರೆ ಸಿಗಲಿಲ್ಲ. ಇಶಿಯ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. ಪ್ರಯೋಗಗಳ ಮಾಹಿತಿಗೆ ಬದಲಾಗಿ ಅಮೆರಿಕ ಅವನನ್ನು ಬಿಟ್ಟುಬಿಟ್ಟಿತು. ಕುವಾಂಗ್ ಆ ಶಕ್ತಿಯನ್ನು ರಿನ್‌ಗೆ ಕೊಡುತ್ತಾರೆ. ಫೀನಿಕ್ಸ್ ದೇವತೆಯ ಬೆಂಕಿ ಅವಳ ಮೈಗೆ ಇಳಿಯುತ್ತದೆ, ಅವಳು ಶತ್ರುವಿನ ದ್ವೀಪವನ್ನೇ ಸುಟ್ಟುಹಾಕುತ್ತಾಳೆ. ಓದುಗರಿಗೆ ಇಲ್ಲಿ ಹಿರೋಶಿಮಾ ನೆನಪಾದರೆ ಅದು ಆಕಸ್ಮಿಕವಲ್ಲ.

ಯುದ್ಧ ಹುಡುಗರನ್ನು ಗಂಡಸರನ್ನಾಗಿ ಮಾಡುತ್ತದೆ ಎಂಬ ಮಾತು ಎಲ್ಲ ದೇಶಗಳಲ್ಲೂ ಇದೆ. ಈ ಕಾದಂಬರಿ ಅದನ್ನು ನಂಬುವುದಿಲ್ಲ. ರಿನ್‌ಳ ಬಲ ಬೆಳೆದಷ್ಟೂ ಅವಳ ಲೋಕ ಕಿರಿದಾಗುತ್ತದೆ. ಮುಟ್ಟು ಅಭ್ಯಾಸಕ್ಕೆ ಅಡ್ಡಿಯಾಗಬಾರದೆಂದು ಶಾಲೆಯಲ್ಲೇ ಅವಳು ಔಷಧ ಕುಡಿದು ತನ್ನ ಗರ್ಭಕೋಶವನ್ನು ಕಳೆದುಕೊಂಡಿದ್ದಳು. ಗೆಲ್ಲಲು ತನ್ನದನ್ನು ಸುಡುತ್ತಿದ್ದವಳು ಕೊನೆಗೆ ಬೇರೆಯವರದನ್ನು ಸುಡುತ್ತಾಳೆ. ನಡುವೆ ಇರುವುದು ಬಲಿತ ಅಭ್ಯಾಸ. ಅವಳ ಬದುಕಿನ ರೇಖೆಗೆ ಮಾವೋನ ಜೀವನವೇ ಮಾದರಿ ಎಂದು ಲೇಖಕಿ ಹೇಳಿಕೊಂಡಿದ್ದಾರೆ.

ಒಂದು ಆಕ್ಷೇಪಣೆ ಮಾತ್ರ ಉಳಿಯುತ್ತದೆ. ಮುಗೆನ್‌ನ ಸೈನಿಕರಿಗೆ ಪುಸ್ತಕದಲ್ಲಿ ಮುಖವೇ ಇಲ್ಲ. ಅದು ರಿನ್‌ಳ ಕುರುಡು ಎನ್ನಬಹುದು, ಆದರೆ ಆ ಕುರುಡಿನ ಆಚೆ ನೋಡಲು ಲೇಖಕಿ ಓದುಗರಿಗೆ ಹೆಚ್ಚು ಕಿಟಕಿಗಳನ್ನು ಬಿಡುವುದಿಲ್ಲ. ಇರುವ ಒಂದು ಕಿಟಕಿ ಸಹಪಾಠಿ ಕಿತಾಯ್. ಗೋಲಿನ್ ನೀಸ್‌ನ ಹೆಣಗಳ ನಡುವೆ ಬದುಕಿ ಬಂದವನು ಅವನು, ಸೇಡಿನ ಹಕ್ಕು ಯಾರಿಗಾದರೂ ಇದ್ದರೆ ಅವನಿಗೇ. ದ್ವೀಪದ ಸುದ್ದಿ ಕೇಳಿ ಬೆಚ್ಚಿ ಹಿಂದೆ ಸರಿಯುವವನೂ ಅವನೇ. ರಿನ್ ಆ ಹೊತ್ತಿಗೆ ಮುಂದೆ ಯಾರನ್ನು ಕೊಲ್ಲಬೇಕೆಂದು ನಿರ್ಧರಿಸಿಯಾಗಿರುತ್ತದೆ.